ಕಹಿ ರಸಕ್ಕೆ ಮುತ್ತಿದ ಇರುವೆ

ಕಬ್ಬು ಕಡಿಯುವ ಪುಟ್ಟರಾಜು ಕೈ ಕೊಳೆತು ಮಂಡ್ಯದ ಆಸ್ಪತ್ರೆ ಸೇರಿದ ದಿನವೇ ಕೊಪ್ಪದ ಜನ ನಾಟಿ ಮದ್ದಿನ ಬೆಳ್ಳಮ್ಮನ ಬಾಗಿಲಿಗೆ ಕೂಗಾಡುತ್ತ ಬಂದರು. ಮಚ್ಚಿನ ಗಾಯಕ್ಕೆ ಮೊದಲು ಬೇವಿನ ರಸ ಹಿಂಡಿದವಳು ಅವಳು. ಆಮೇಲೆ ಊರ ದವಾಖಾನೆಯ ಡಾಕ್ಟರ್ ವೆಂಕಟೇಶಮೂರ್ತಿ ಮೂರು ದಿನ ಪೆನಿಸಿಲಿನ್ ಸೂಜಿ ಹಾಕಿದ್ದರು. ಸೂಜಿಗೂ ಬಗ್ಗದ್ದು ಹಳಸಿದ ಸೊಪ್ಪಿನ ನಂಜೇ ಎಂದು ಕಾಂಪೌಂಡರ್ ಸಂಪತ್ ಕುಮಾರ ಊರಿಗೆಲ್ಲ ಸಾರಿದ. ಅವಳ ಜಗಲಿಯಲ್ಲಿ ಸಿಕ್ಕಿತೆಂದು ಹಸಿರು ರಸದ ಪುಟ್ಟ ಸೀಸೆಯನ್ನೂ ತೋರಿಸಿದ. ಎರಡು ದಿನದಲ್ಲಿ ಪೊಲೀಸರು ಬರುವವರಿದ್ದರು.

ಬೆಳ್ಳಮ್ಮ ಚಿಕ್ಕಮಾದುವಿನ ದೊಡ್ಡವ್ವ. ಭಾರತೀನಗರದ ಕಾಲೇಜಿನಲ್ಲಿ ಅಟೆಂಡರನಾಗಿದ್ದ ಅವನು ಸಸ್ಯಶಾಸ್ತ್ರದ ಶ್ರೀಮತಿ ಮೇಡಂ ಬಳಿಗೆ ಓಡಿದ. ಸುತ್ತಲ ಹಳ್ಳಿಗಳ ಕಗ್ಗಂಟು ಬಿಡಿಸಿ ಅವರಿಗೆ ರೂಢಿ.

ಮೇಡಂ ಸೀಸೆ ಕೇಳಿ ತರಿಸಿದರು. ಮುಚ್ಚಳದ ಸುತ್ತ ಮುತ್ತಿದ್ದ ಇರುವೆಗಳನ್ನು ಚಿಕ್ಕಮಾದು ಒರೆಸಲು ಹೋದರೆ ಕೈ ಹಿಡಿದರು. ರಸ ಎಷ್ಟು ದಿನ ಇಡುತ್ತೀಯೆಂದು ಬೆಳ್ಳಮ್ಮನನ್ನು ಕೇಳಿದರು.

"ವತ್ತಾರೆ ಅರೆದದ್ದು ವತ್ತಾರೆಗೇ ಸರಿ. ಮಡಗಿದ್ರೆ ಗುಣ ಓಯ್ತದೆ ಕಣವ್ವ. ಕರಟದಾಗೆ ಹಿಂಡ್ತೀನಿ, ನಂಗ್ಯಾಕೆ ಸೀಸೆ?"

ಮೇಡಂ ಕೇಳಿದೊಡನೆ ಡಾಕ್ಟರು ದವಾಖಾನೆಯ ಬೀರುವಿನಿಂದ ಒಂದು ಪೆನಿಸಿಲಿನ್ ಸೀಸೆ ಕೊಡಿಸಿದರು; ಅದೂ ಹಸಿರು ರಸದ ಸೀಸೆಯಂಥದೇ. ಬೀಗದ ಕೈ ಸಂಪತ್ತನ ಸೊಂಟದಲ್ಲೇ ಇತ್ತು.

ಮರುದಿನ ಸಂಜೆ ದವಾಖಾನೆಯ ಜಗಲಿಯಲ್ಲಿ ಎಲ್ಲರೂ ಸೇರಿದರು. ಮೇಡಂ ಎರಡು ಗಾಜಿನ ತಟ್ಟೆ ಇಟ್ಟರು. ಎರಡರಲ್ಲೂ ಪುಟ್ಟರಾಜುವಿನ ಪಟ್ಟಿಯಿಂದ ತೆಗೆದ ಕೀವಿನ ಕ್ರಿಮಿ ಬೆಳೆದಿತ್ತು. ಬೆಳ್ಳಮ್ಮ ಹಿಂದಿನ ದಿನ ಹೊಸದಾಗಿ ಹಿಂಡಿಕೊಟ್ಟ ರಸದಲ್ಲಿ ಅದ್ದಿಟ್ಟ ಕಾಗದದ ಸುತ್ತ ಬಿಲ್ಲೆಯಗಲ ಕ್ರಿಮಿ ಸತ್ತು ತಿಳಿಯಾಗಿತ್ತು. ಬೀರುವಿನ ಪೆನಿಸಿಲಿನ್ನಿನಲ್ಲಿ ಅದ್ದಿಟ್ಟ ಕಾಗದದ ಸುತ್ತ ಒಂದು ಕ್ರಿಮಿಯೂ ಸತ್ತಿರಲಿಲ್ಲ.

"ಬೇವಿನ ರಸಕ್ಕೆ ಇರುವೆ ಯಾಕೆ ಬರ್ತದೆ, ಸಂಪತ್?" ಎಂದರು ಮೇಡಂ. "ಸೀಸೆಯಲ್ಲಿ ಮೊದಲು ಪೆನಿಸಿಲಿನ್ ಬದಲು ಸಕ್ಕರೆ ಇತ್ತು. ನುಣ್ಣಗೆ ಅರೆದ ಸಕ್ಕರೆ ನೀರಲ್ಲಿ ತಿಳಿಯಾಗೇ ಕರಗ್ತದೆ, ಡಾಕ್ಟರಿಗೆ ಗೊತ್ತಾಗಲಿಲ್ಲ. ಅಸಲಿ ಮದ್ದು ಹೊರಗೆ ಮಾರಿದೆ. ಕೈ ಕೊಳೆತಾಗ ನಿನ್ನದೇ ಖಾಲಿ ಸೀಸೆಗೆ ಬೇವು ತುಂಬಿ ಬೆಳ್ಳಮ್ಮನ ಜಗಲಿಗೆ ಇಟ್ಟೆ, ತೊಳೆಯೋದು ಮರೆತೆ. ಕೂಲಿಯವನ ಕೈ ಹೋದರೆ ಯಾರು ಕೇಳ್ತಾರೆ, ಸೊಪ್ಪಿನ ಮುದುಕಿ ಪರ ಯಾರು ನಿಲ್ತಾರೆ ಅಂದುಕೊಂಡೆ. ನಾವು ನಿಲ್ತೀವಿ."

ಡಾಕ್ಟರು ಬೀರು ತೆರೆಸಿದರು. ಉಳಿದ ಸೀಸೆಗಳ ಪುಡಿ ನಾಲಗೆಗೆ ಸಿಹಿಯಾಗಿತ್ತು. ಬೆಳ್ಳಮ್ಮನಿಗೆಂದು ಬಂದಿದ್ದ ಪೊಲೀಸರು ಸಂಪತ್ತನನ್ನು ಕರೆದೊಯ್ದರು.

ಮಂಡ್ಯದಲ್ಲಿ ಅಸಲಿ ಮದ್ದು ಬಿದ್ದು ಪುಟ್ಟರಾಜುವಿನ ಕೈ ಉಳಿಯಿತು, ಒಂದು ಬೆರಳು ಹೋಯಿತು. ಮೊನ್ನೆ ಕೂಗಾಡಿದವರು ಈಗ ಸೂಜಿಯೇ ಬೇಡವೆಂದಾಗ ಬೆಳ್ಳಮ್ಮ ಗದರಿದಳು.

"ಸೂಜಿ ಬ್ಯಾಡ ಅಂತ ನಾ ಎಲ್ಲಂದೆ? ಸುಳ್ಳು ಸೂಜಿ ಬ್ಯಾಡ ಕಣ್ರಲಾ."

ಹಾಗೆಂದು ಕರಟ ತೊಳೆದು ಬಿಸಿಲಿಗೆ ಬೋರಲು ಹಾಕಿದಳು.