ತುಕ್ಕಿನ ಮೇಲೆ ಬಣ್ಣ

"ಯಾರಾದ್ರೂ ಇದ್ದೀರಾ? ಬಾಗಿಲು ತೆಗೀರಿ!"

ಶೆಡ್ಡಿನ ಮೂಲೆಯ ಕೋಣೆಯಿಂದ ಬಡಿತ ಕೇಳಿತು. ಹೆಗಲ ಮೇಲಿದ್ದ ಹಳೇ ಸ್ಕೂಟರಿನ ಫ್ರೇಮನ್ನು ಕೆಳಗಿಟ್ಟು, ಅವನು ಓಡಿ ಹೋಗಿ ಚಿಲಕ ಎಳೆದ.

ಧೂಳಿನ ಮೋಡದ ಜೊತೆಗೇ ಹೊರಬಿದ್ದವಳು ಅವನ ತೋಳಿಗೆ ಡಿಕ್ಕಿ ಹೊಡೆದಳು. ಮುಖಗವಸು ಕಿತ್ತು ಉಸಿರೆಳೆದುಕೊಂಡಳು.

"ಹೊರಗಿಂದ ಚಿಲಕ ಹಾಕಿದ್ದು ಯಾರು ರೀ?" ಅವನು ಕೇಳಿದ.

"ಅಣ್ಣ... ಧೂಳು ಹೊರಗೆ ಬರುತ್ತೆ ಅಂತ."

"ಧೂಳಾ, ನೀವಾ?"

ತಮಾಷೆಗೆ ಅಂದ ಮಾತು. ಅವಳ ಎದೆಗೆ ನೆಟ್ಟಗೆ ನಾಟಿತು!

ಅಪ್ಪ ತೀರಿಕೊಂಡ ಮೇಲೆ ಪೌಡರ್ ಕೋಟಿಂಗ್ ಶೆಡ್ಡು ಅಣ್ಣನ ಪಾಲಾಗಿತ್ತು, ದುಡಿಮೆ ಅವಳ ಪಾಲಿಗೆ. ಮರಳು ಹೊಡೆದು ತುಕ್ಕು ಬಿಡಿಸುವುದು, ಬರಿಗೈ ತಾಗಿಸದೆ ಬಣ್ಣದ ಪೌಡರ್ ಸಿಂಪಡಿಸುವುದು, ಓವನ್ನಿನಲ್ಲಿಟ್ಟು ಬೇಯಿಸುವುದು, ಎಲ್ಲಾ ಅವಳೇ. ಮನೆಗೆ ಬಂದ ಪ್ರತಿ ಸಂಬಂಧಕ್ಕೂ ಅಣ್ಣ ಏನಾದರೊಂದು ಕೊಂಕು ತೆಗೆಯುತ್ತಿದ್ದ. ತಂಗಿ ಹೋದರೆ ಶೆಡ್ಡು ನಡೆಯಬೇಕಲ್ಲ!

"ಮಗನ ಹಂಗಿನಲ್ಲಿರೋಳು ನಾನು... ಏನಂತ ಮಾತಾಡ್ಲಿ ಪುಟ್ಟಿ?" ಎಂದು ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು.

ಚಿಲಕ ತೆಗೆದವನು ಒಬ್ಬ ಟೈಲರ್. ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು.

"ನಮ್ಮಮ್ಮ ಓಡಿಸ್ತಿದ್ದ ಗಾಡಿ ಇದು. ಮುಂದೆ ನಿಲ್ಲಿಸ್ಕೊಂಡು ನನ್ನ ಸ್ಕೂಲಿಗೆ ಬಿಡ್ತಿದ್ರು. ಈಗ ಅವರನ್ನ ಹಿಂದೆ ಕೂರಿಸ್ಕೊಂಡು ಸುತ್ತಾಡಿಸ್ಬೇಕು. ಬಟ್ಟೆ ಬಗ್ಗೆ ಕೇಳಿ, ಹೇಳ್ತೀನಿ. ಕಬ್ಬಿಣದ ವಿಷಯ ನಿಮಗೇ ಬಿಟ್ಟಿದ್ದು."

ಮತ್ತೆ ಎರಡು ಸಲ ಬಂದ. 'ಬಣ್ಣ ಆಯ್ತಾ?' ಎನ್ನುವುದು ನೆಪ. ಅವಳೂ ಬಾಗಿಲ ಕಡೆ ನೋಡತೊಡಗಿದ್ದಳು...

ಆದರೆ ಮರಳು ಹೊಡೆದಾಗ ಹಳೇ ಬಣ್ಣದ ಅಡಿ ಬೇರೆಯೇ ಕಂಡಿತು.

"ಅಣ್ಣಾ, ಕಾಲಿಡೋ ಜಾಗ ತುಕ್ಕು ತಿಂದು ತೂತಾಗಿದೆ. ತಗಡು ಬದಲಾಯಿಸಿ ವೆಲ್ಡಿಂಗ್ ಮಾಡಿಸ್ಬೇಕು."

"ಬಿಸಿ ತಡೆಯೋ ಪೇಸ್ಟು ಇದೆಯಲ್ಲ, ತೂತಿಗೆ ಮೆತ್ತು. ಬಣ್ಣ ಬಿದ್ಮೇಲೆ ಯಾರಿಗೆ ಕಾಣುತ್ತೆ?"

"ಕುಸಿದು ಬಿದ್ರೆ?"

"ಬಾಯಿ ಬಿಟ್ಟರೆ ನೀನೂ ಅಮ್ಮನೂ ಬೀದಿಪಾಲು. ನೆನಪಿರ್ಲಿ!"

ಅವಳು ಮೆತ್ತಿದಳು. ಮೇಲೆ ಬಣ್ಣ ಹಾಕಿ ಬೇಯಿಸಿದಳು.

ಫ್ರೇಮ್ ಒಯ್ಯುವ ದಿನ ಟೈಲರ್ ಅಣ್ಣನನ್ನು ಕೇಳಲಿಲ್ಲ, ಅವಳನ್ನೇ ಕೇಳಿದ.

"ಗಟ್ಟಿಯಾಗಿದೆಯಾ? ನೀವು ಹೇಳಿದ್ರೆ ಸಾಕು."

ಅಣ್ಣ ಬೆನ್ನ ಹಿಂದೆಯೇ ನಿಂತಿದ್ದ.

"ಹೂಂ..."

*

ವಾರ ಕಳೆದಿರಲಿಲ್ಲ. ಟೈಲರ್ ಕುಂಟುತ್ತಾ ಬಂದ, ಕಣ್ಣು ಕೆಂಪಾಗಿತ್ತು.

"ಗಾಡಿಯ ತಳ ಕುಸಿದು ಬಿದ್ವಿ. ನಮ್ಮಮ್ಮನ ಕೈ ಮುರೀತು!"

"ನಮ್ಮ ಕೆಲಸದಲ್ಲಿ ತಪ್ಪಿಲ್ಲ. ಹೇಳು ಪುಟ್ಟಿ," ಎಂದ ಅಣ್ಣ.

ಅವಳು ಟೈಲರಿನ ಕುಂಟುವ ಕಾಲಿನ ಕಡೆ ನೋಡಿದಳು. 'ಇವತ್ತೂ ನುಂಗಿಕೊಂಡರೆ ನಾನು ಸತ್ತ ಹಾಗೇ...'

"ತೂತಿತ್ತು. ನಾನೇ ಪೇಸ್ಟು ಮೆತ್ತಿದ್ದೆ. ಗೊತ್ತಿದ್ದೂ ಸುಳ್ಳು ಹೇಳಿದೆ."

"ನಿಮ್ಮ ವ್ಯಾಪಾರಕ್ಕೆ ನಮ್ಮಮ್ಮನೇ ಸಿಕ್ಕಿದ್ರಾ?" ಎಂದವನೇ ಅವನು ತಿರುಗಿ ನೋಡದೆ ಹೊರಟುಹೋದ.

ಅಣ್ಣನ ಕೈ ಮೇಲೆದ್ದಿತು. ಬೀಳಲಿಲ್ಲ! ಊಟದ ಡಬ್ಬಿ ತಂದಿದ್ದ ಅಮ್ಮ ಆ ಕೈ ಹಿಡಿದಿದ್ದಳು.

"ಹಂಗಿನ ಅನ್ನ ಸಾಕು ಕಣೋ. ಬಾ ಪುಟ್ಟಿ, ಹೋಗೋಣ."

ಒಂದೇ ಕೋಣೆಯ ಬಾಡಿಗೆ ಮನೆ. ಸೈಕಲ್ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಆದರೂ ಆ ಕೆಂಪು ಕಣ್ಣುಗಳಿಂದ ಬಿಡುಗಡೆ ಸಿಗಲಿಲ್ಲ.

ಒಂದು ಸಂಜೆ ಕಾರ್ಖಾನೆ ಗೇಟಿನಲ್ಲಿ ಅವನೇ ನಿಂತಿದ್ದ!

"ನಿಮ್ಮಮ್ಮನ ಕೈ...?" ಎಂದು ಕೇಳಿದಳು.

"ಕೂಡ್ಕೊಂಡಿದೆ. ನನಗೆ ಚೆನ್ನಾಗಿ ಬೈದ್ರು. 'ಆ ಹುಡುಗಿ ಸುಳ್ಳು ಹೇಳಿದ್ದನ್ನ ಮಾತ್ರ ನೀನು ನೋಡಿದೆ. ಅಣ್ಣನ ಎದುರೇ ನಿಜ ಹೇಳೋಕೆ ಏನೇನು ಕಳ್ಕೊಂಡಿರ್ಬೇಕು ಅಂತ ಯೋಚಿಸಿದ್ಯಾ?' ಅಂದ್ರು. ನಿಮ್ಮ ಶೆಡ್ಡಿಗೆ ಹೋದೆ. ಅಕ್ಕಪಕ್ಕದವರು ಎಲ್ಲಾ ಹೇಳಿದ್ರು, ನೀವು ಇಲ್ಲಿ ಕೆಲಸಕ್ಕೆ ಸೇರಿದ್ದೂ."

"ಕೋಪ ಇಲ್ವಾ?"

"ಇದೆ. ಆದ್ರೆ ನಿಮ್ಮನ್ನ ನೋಡ್ದೆ ಇರೋದು ಅದಕ್ಕಿಂತ ಕಷ್ಟ ಆಗ್ತಿದೆ." ಅವನು ತಡವರಿಸಿದ. "ನಿಮ್ಮಮ್ಮನ ಹತ್ರ ಮಾತಾಡ್ಲಾ?"

"ಮೊದಲು ನನ್ನ ಕೇಳಿ."

"ನನ್ನ ಮದ್ವೆ ಆಗ್ತೀರಾ?"

ಇಂಥದ್ದೊಂದು ಪ್ರಶ್ನೆಯನ್ನು ಈವರೆಗೆ ಯಾರೂ ಅವಳನ್ನೇ ಕೇಳಿರಲಿಲ್ಲ. ಕಣ್ಣು ತುಂಬಿ ಬಂತು.

"ಯೋಚನೆ ಮಾಡ್ಬೇಕು," ಎಂದಳು.

"ಎಷ್ಟು ದಿನ ಬೇಕಾದ್ರೂ ಕಾಯ್ತೀನಿ."

"ಅಷ್ಟೆಲ್ಲಾ ಬೇಡ..." ಅವಳು ಅತ್ತುಕೊಂಡೇ ನಕ್ಕಳು. "ಬಸ್ ಸ್ಟಾಪ್ ತನಕ ನಡೀರಿ, ಸಾಕು."