ಮಾತಾಡುತ್ತ ನಡೆಯಬೇಕು

ವಾಡಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿಗೆ ಬೆಳಗಿನ ಬಿಸಿಲು ನಿಧಾನವಾಗಿ ಇಳಿಯುತ್ತದೆ. ಮೊದಲು ಸಿಗ್ನಲ್ ಕಂಬದ ತುದಿಗೆ, ಆಮೇಲೆ ಬ್ರಿಜ್ಜಿನ ಮೆಟ್ಟಿಲಿಗೆ, ಕಡೆಗೆ ಕಲ್ಲುಬೆಂಚಿಗೆ. ಆ ಬೆಂಚಿನ ಮೇಲೆ ಶಾಲು ಹೊದ್ದು ಕುಳಿತಿದ್ದ ಶಿವಕಾಂತಮ್ಮ, ತನ್ನ ಜೊತೆ ನಡೆಯಲು ಬರುವವನು ಯಾರೆಂದು ತಿಳಿದಾಗಿನಿಂದ ಮುಖ ಊದಿಸಿಕೊಂಡಿದ್ದಳು.

"ಚಂದ್ರಾಮನಾ? ಅವ್ವಾ, ಡಾಕ್ಟರಮ್ಮ ಮಾತಾಡ್ಕೋತ ನಡಿ ಅಂದಾರ. ಅವನ ಬಾಯಾಗಿಂದ ಮಾತು ತಗಿಯಾದಂದ್ರ ಉಸುಕಿನಾಗ ಎಣ್ಣಿ ತಗದಂಗ."

"ಮತ್ತ ಯಾರದಾರ? ನನ್ನ ಮೊಣಕಾಲು ನಿನಗಿಂತ ಮೊದಲೇ ಸೋತಾವ," ಎಂದಳು ತಾಯಿ ಭೀಮಮ್ಮ. "ನಾ ಇಲ್ಲೇ ಕುಂತಿರ್ತೀನಿ. ಅವ ನಿನ್ನ ಸ್ವಾದರತ್ತಿ ಮಗ. ಯಾರೇನಂತಾರ?"

ಹೋದ ವರ್ಷ, ಅರವತ್ತೆಂಟರ ದೀಪಾವಳಿ ಹೊತ್ತಿಗೆ, ಊರೂರು ಸುತ್ತಿದ ಫ್ಲೂ ಶಿವಕಾಂತಮ್ಮನನ್ನು ಹಾಸಿಗೆಗೆ ಕೆಡವಿತ್ತು. ಜ್ವರ ಎದೆಗಿಳಿದು, ಗುಂಡಿಗೆಯೂ ಬಾತು, ಬದುಕಿದ್ದೇ ಹೆಚ್ಚು ಅನ್ನುವಂತಾಗಿತ್ತು. ಒಂದು ಗದರಿಕೆಗೆ ಇಡೀ ತರಗತಿಯನ್ನು ಕೂರಿಸುತ್ತಿದ್ದ ಕನ್ನಡ ಶಾಲೆಯ ಟೀಚರಮ್ಮನಿಗೆ ಈಗ ಒಂದು ಪದ್ಯ ಹೇಳಲೂ ಉಸಿರು ಸಾಲುತ್ತಿರಲಿಲ್ಲ.

ಮೈಸೂರು ಕಡೆಯ ಡಾಕ್ಟರಮ್ಮ ಬಹಳ ದಿನ ಅವಳನ್ನು ಮಲಗಿಸಿಯೇ ಇಟ್ಟಿದ್ದರು. ಎದೆಯ ಬಾವು ಇಳಿದ ಮೇಲೆ ಹೊಸ ಮದ್ದು ಹೇಳಿದರು.

"ಗುಂಡಿಗೆಗೂ ಪಾಠ ಹೇಳಬೇಕು ಕಣಮ್ಮ, ಒಂದನೇ ಕ್ಲಾಸಿನ ಮಗುವಿಗೆ ಹೇಳಿದ ಹಾಗೆ. ದಿನಾ ನಡೀಬೇಕು, ಸ್ವಲ್ಪಸ್ವಲ್ಪವೇ ಜಾಸ್ತಿ ಮಾಡಬೇಕು. ಮಾತಾಡ್ತಾ ನಡಿ. ಮಾತು ತಾನಾಗಿ ಬರ್ತಿದ್ರೆ ಸರಿಯಾದ ನಡಿಗೆ. ಮಾತು ಕಡೀತೋ, ಕೂತುಬಿಡು. ಬಿಸಿ ಚಹಾ ಊದೋ ಹಾಗೆ ತುಟಿ ಸಣ್ಣಗೆ ಮಾಡಿ ಉಸಿರು ಬಿಡು. ನಾನು ಹೇಳೋವರೆಗೂ ಮೆಟ್ಟಿಲು ಹತ್ತೋ ಹಾಗಿಲ್ಲ."

ಹಾಗೆ ಬಂದವನು ಚಂದ್ರಾಮ. ಸ್ಟೇಷನ್ನಿನಾಚೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಲಿವರ್ ಎಳೆಯುವ ಕೆಲಸ, ಒಬ್ಬನೇ ಇದ್ದು ಇದ್ದು ಮಾತೇ ಮರೆತವನು ಎಂದು ಬಳಗದವರ ತಮಾಷೆ. ನೈಟ್ ಡ್ಯೂಟಿ ಮುಗಿಸಿ, ಮುಖ ತೊಳೆದು, ತಲೆ ಬಾಚಿಕೊಂಡು ಬಂದು ನಿಂತ. ಹಳಿಯ ಕಡೆಗೆ ತಾನು, ಒಳಗಡೆಗೆ ಅವಳು. ಹೊರಟರು.

ಶಿವಕಾಂತಮ್ಮ ಶಾಲೆಯ ಸುದ್ದಿ ತೆಗೆದಳು. ಅವನು "ಹ್ಞೂಂ" ಅಂದ. ಮನೆಯ ಬೆಕ್ಕು ಮರಿ ಹಾಕಿದ್ದು ಹೇಳಿದಳು. "ಹ್ಞೂಂ." ಆದರೆ ಕಣ್ಣು ಮಾತ್ರ ಅವಳ ಮುಖ ಬಿಟ್ಟು ಕದಲದು. ಅವಳಿಗೆ ಕೆನ್ನೆ ಬಿಸಿಯಾಯಿತು.

"ಏನ ನೋಡ್ಲಿಕತ್ತಿ?"

"ತುಟಿ," ಅಂದ ಅವನು.

ಅವಳ ಮಾತು ಅಲ್ಲೇ ಕಡಿಯಿತು. ಅವನು ತಟ್ಟನೆ ಬೆಂಚು ತೋರಿಸಿದ. "ಕುಂದ್ರು. ಮಾತು ನಿಂತದ."

"ಅದಕ್ಕ ನಿಂತಿದ್ದಲ್ಲ! ತುಟಿ ಯಾಕ ನೋಡ್ತಿ?"

"ನೀಲಿ ಆದ್ರ ಕುಂದ್ರಸು ಅಂತ ಡಾಕ್ಟರಮ್ಮ ಹೇಳ್ಯಾರ," ಎಂದ ಚಂದ್ರಾಮ, ಕಿವಿಯವರೆಗೂ ಕೆಂಪಾಗಿ. ಅಷ್ಟು ಹೇಳಿ ಮತ್ತೆ ಬಾಯಿಗೆ ಬೀಗ ಹಾಕಿಕೊಂಡ.

ಹೀಗೆ ಚಳಿ ಕಳೆಯಿತು. ಮುಂಜಾನೆಯ ಮಂಜಿನಲ್ಲಿ ಸೋಲಾಪುರದ ಕಡೆಯಿಂದ ಬರುವ ಗಾಡಿ ಮೊದಲು ಸದ್ದಾಗಿ, ಆಮೇಲೆ ಬೆಳಕಾಗಿ, ಕೊನೆಗೆ ಗಾಡಿಯಾಗಿ ಬರುತ್ತಿತ್ತು. ಅದು ಹೋದ ಮೇಲೆ ಉಳಿಯುವ ನಿಶ್ಶಬ್ದದಲ್ಲಿ ತನ್ನ ದನಿಯೊಂದೇ ಕೇಳುವಾಗ, ತಾನು ಕನಸಿನೊಳಗೆ ಮಾತಾಡುತ್ತಿದ್ದೇನೆ ಅನಿಸುತ್ತಿತ್ತು ಅವಳಿಗೆ. ಮೊದಲು ಟೀ ಸ್ಟಾಲಿನವರೆಗೆ, ಆಮೇಲೆ ನೀರಿನ ನಲ್ಲಿಯವರೆಗೆ, ಮಾಘ ಕಳೆಯುವ ಹೊತ್ತಿಗೆ ಪ್ಲಾಟ್‌ಫಾರ್ಮಿನ ಕೊನೆಯ ಬೋರ್ಡಿನವರೆಗೆ. ಆ ದಿನ ಬೋರ್ಡನ್ನು ಕೈಯಿಂದ ತಟ್ಟಿ ಗಟ್ಟಿಯಾಗಿ ನಕ್ಕಳು. ಕೆಮ್ಮು ಬರಲಿಲ್ಲ. ಚಂದ್ರಾಮನೂ ನಕ್ಕ, ಆಮೇಲೆ ಯಾಕೋ ಮುಖ ತಿರುಗಿಸಿದ.

ಅವಳು ಹುಟ್ಟಿದಾಗ ಅವನ ತಾಯಿ ಬಸ್ಸಮ್ಮ ತೊಟ್ಟಿಲಲ್ಲಿ ಬಗ್ಗಿ ನೋಡಿ, "ಇಕಿ ನನ್ನ ಸೊಸಿ" ಅಂದಿದ್ದಳಂತೆ. ವರ್ಷಗಟ್ಟಲೆ ಹಬ್ಬಕ್ಕೊಮ್ಮೆ ಕೇಳಿಬರುತ್ತಿದ್ದ ಆ ಮಾತು ಜ್ವರ ಬಂದ ಮೇಲೆ ಯಾರ ಬಾಯಲ್ಲೂ ಬರಲಿಲ್ಲ. ಆಗೆಲ್ಲ ನಾಚಿಕೆಯ ಮಾತಾಗಿದ್ದದ್ದು, ಅದು ಕೇಳದಾದ ಮೇಲೆ ಶಿವಕಾಂತಮ್ಮನಿಗೆ ಆಸೆಯಾಯಿತು. ಅವನು ತನಗೆ ಬೇಕು. ಅಷ್ಟೇ ಸತ್ಯ, ಸುತ್ತಿ ಬಳಸಿ ಹೇಳುವುದೇನಿಲ್ಲ. ಆದರೆ ಅವನು? ಹಿರಿಯರು ಹೇಳಿದರು ಅಂತ ಬಂದು ಹ್ಞೂಂಗುಟ್ಟಿ ಹೋಗುವವನ ಮನಸ್ಸು ತಿಳಿಯುವುದು ಹೇಗೆ?

ಯುಗಾದಿ ಹತ್ತಿರ ಬಂದಾಗ ಒಂದು ಭಾನುವಾರ ಬಸ್ಸಮ್ಮ ಮನೆಗೆ ಬಂದಳು. ಅಡುಗೆ ಮನೆಯಲ್ಲಿ ದನಿ ತಗ್ಗಿಸಿ ಭೀಮಮ್ಮನಿಗೆ ಹೇಳಿದ್ದು ಪಡಸಾಲೆಯಲ್ಲಿ ಮಲಗಿದ್ದ ಶಿವಕಾಂತಮ್ಮನಿಗೆ ಕೇಳಿಸಿತು.

"ಕೊಡ್ಲಿ ಊರಾಗ ಚಂದ್ರಾಮಗ ಒಂದು ಹುಡುಗಿ ಅದ. ಹಬ್ಬದ ಮೊದಲ ಹೋಗಿ ನೋಡ್ಕೊಂಡು ಬರ್ತೀವಿ. ಸಿಟ್ಟಾಗಬ್ಯಾಡ ಭೀಮಮ್ಮ. ದಮ್ಮಿಲ್ಲದಾಕಿ ಮನಿತನ ಹ್ಯಾಂಗ ಎಳೀತಾಳ?"

ಶಿವಕಾಂತಮ್ಮ ಗೋಡೆಯ ಕಡೆ ಹೊರಳಿ, ಶಾಲಿನ ಅಂಚು ಕಚ್ಚಿಕೊಂಡು ಅತ್ತಳು.

ಮರುದಿನ ಚಂದ್ರಾಮ ಬಂದಾಗ ಅವಳು ಬೆಂಚಿನಿಂದ ಎದ್ದು ನೆಟ್ಟಗೆ ಬ್ರಿಜ್ಜಿನ ಕಡೆ ಹೊರಟಳು. ಮಾತಿಲ್ಲ, ಕತೆಯಿಲ್ಲ. ದಮ್ಮಿಲ್ಲದವಳಂತೆ! ಆ ಮೆಟ್ಟಿಲುಗಳನ್ನು ಹತ್ತಿ, ಆ ತುದಿಯಲ್ಲಿ ನಿಂತು, ಇಡೀ ವಾಡಿಗೆ ಕಾಣುವಂತೆ ತೋರಿಸುತ್ತೇನೆ ಅನ್ನುವ ಹಟ ತಲೆಗೇರಿತ್ತು.

"ಶಿವಕಾಂತಾ, ಮಾತಾಡು," ಅಂದ ಚಂದ್ರಾಮ ಹಿಂದಿನಿಂದ. "ಏ, ಅಲ್ಲೆಲ್ಲಿ ಹೊಂಟಿ? ಮೆಟ್ಟಲಾ ಹತ್ತಬ್ಯಾಡ!"

ಅವಳು ಹತ್ತಿದಳು. ಕೆಳಗಿನ ಮೆಟ್ಟಿಲುಗಳು ಸಿಟ್ಟಿನಲ್ಲಿ ದಾಟಿಹೋದವು. ನಡುವೆ ಬಂದಾಗ ಎದೆ ನಗಾರಿಯಂತೆ ಬಡಿಯತೊಡಗಿತು. ಕಣ್ಣಿಗೆ ಕತ್ತಲೆ ಬಂದು ಕಂಬಿ ಹಿಡಿದಳು. ಅವನು ಎರಡೆರಡು ಮೆಟ್ಟಿಲು ಹಾರಿ ಬಂದು ಅವಳ ತೋಳು ಹಿಡಿದು ಕೂರಿಸಿದ.

"ಊದು. ಚಹಾ ಊದಿದಂಗ. ಹಾಂ, ಹಾಂಗೇ. ಇನ್ನೊಮ್ಮಿ."

"ಕೊಡ್ಲಿ..." ಅಂದಳು.

"ಮಾತಾಡಬ್ಯಾಡ. ಉಸುರು ಬರಾತನ ಸುಮ್ಮ ಕುಂದ್ರು. ನಾ ಮಾತಾಡ್ತೀನಿ."

ಕೆಳಗೆ ಒಂದು ಗೂಡ್ಸ್ ಗಾಡಿ ಬಂದು, ಹೊಗೆ ಮೇಲೆದ್ದು ಇಬ್ಬರನ್ನೂ ಮುಚ್ಚಿ ಸರಿದುಹೋಯಿತು. ಆ ಬಿಳಿಯ ಮೋಡದೊಳಗಿಂದ ಚಂದ್ರಾಮನ ದನಿ ಬಂತು, ಅವಳು ಎಂದೂ ಇಷ್ಟು ಉದ್ದ ಕೇಳದ ದನಿ.

"ಕೊಡ್ಲಿಗಿ ನಾ ಹೋಗಂಗಿಲ್ಲ. ಅವ್ವಗ ನಿನ್ನಿನೇ ಹೇಳೀನಿ, ಆಕಿ ಕೇಳವಲ್ಲಳು. ಈ ಹುಡುಗಗ ನನ್ನ ಜೋಡಿ ನಡೀಲಿಕ್ಕ ಬ್ಯಾಸರ ಅಂತ ತಿಳಕೊಂಡಿದ್ದಿ, ಹೌದಲ್ಲ?"

ಅವಳು ಹೌದೆಂದು ತಲೆಯಾಡಿಸಿದಳು.

"ಮಾತಾಡು ಅಂತ ಡಾಕ್ಟರಮ್ಮ ಹೇಳಿದ್ದು ನಿನಗ, ನನಗಲ್ಲ. ನಮ್ಮ ಕೆಲಸದಾಗ ಒಂದು ಲೈನಿನ ಮ್ಯಾಲ ಗಾಡಿ ಇದ್ದಾಗ ಇನ್ನೊಂದು ಬಿಡಂಗಿಲ್ಲ. ನಡುವ ನಾ ಬಾಯಿ ಹಾಕಿದ್ರ ನಿನ್ನ ಉಸುರಿನ ಲೆಕ್ಕ ತಪ್ಪತದ ಅಂತ ಹೆದರಿಕಿ ನನಗ. ಅದಕ್ಕ ಸುಮ್ಮ ಇದ್ದೆ."

ಎದೆ ಇನ್ನೂ ಬಡಿಯುತ್ತಿರುವಾಗಲೇ ಅವಳಿಗೆ ನಗು ಬಂತು. ಇಡೀ ಚಳಿಗಾಲ ತಾನು ಕೊರಗಿದ್ದು ಇದಕ್ಕಾ!

"ನಗಬ್ಯಾಡ, ದಮ್ಮು ಹತ್ತತದ. ಇನ್ನೊಂದು ಹೇಳ್ತೀನಿ. ನೀ ಆ ಬೋರ್ಡ್ ಮುಟ್ಟಿ ನಕ್ಕಿದ ದಿನ ನಾ ಮನಿಗಿ ಹೋಗಿ ಉಣ್ಣಲಿಲ್ಲ. ಇಕಿ ಪೂರಾ ಗುಣ ಆದ್ರ ನಾಳಿಂದ ಬರಂಗಿಲ್ಲಲ್ಲ ಅನಸ್ತು. ನಿನಗ ಗುಣ ಆಗಾದಕ್ಕ ನನಗ ಸಂಕಟ! ಎಂಥಾ ಕೆಟ್ಟ ಮನಸ್ಸು ನಂದು ಅಂತ ನನ್ನ ಮ್ಯಾಲ ನನಗೇ ಸಿಟ್ಟು ಬಂತು."

ಅವಳ ಉಸಿರು ತಿರುಗಿ ಬಂದು ಬಹಳ ಹೊತ್ತಾಗಿತ್ತು. ಆದರೂ ಸುಮ್ಮನಿದ್ದಳು, ಇಂಥ ಸುಖ ಮತ್ತೆ ಯಾವಾಗ ಸಿಗುತ್ತದೋ ಎಂದು.

"ಕನಿಕರ ಅಲ್ಲಲ್ಲ, ಮಾಮಾ?" ಎಂದು ಕೊನೆಗೆ ಕೇಳಿದಳು.

"ನೈಟ್ ಡ್ಯೂಟಿ ಮಾಡಿದವ ಕನಿಕರಕ್ಕ ನಿದ್ದಿ ಬಿಡ್ತಾನೇನು? ನಿನ್ನ ಪ್ರೀತಿ ಮಾಡ್ತೀನಿ ಶಿವಕಾಂತಾ. ನಿನಗ ಎಷ್ಟು ದಮ್ಮು ಅದ, ಅಷ್ಟರಾಗೇ ನಡಿಯೋಣ. ನನಗೇನು ಅವಸರಿಲ್ಲ."

ಅವನ ಕೈ ಇನ್ನೂ ಅವಳ ತೋಳಿನ ಮೇಲಿತ್ತು. ಅವಳು ತನ್ನ ಕೈಯನ್ನು ಅದರ ಮೇಲಿಟ್ಟಳು. ಅವನ ಬೆರಳಿಗೆ ಅಂಟಿದ್ದ ಗ್ರೀಸಿನ ವಾಸನೆ, ಹೊಗೆಯ ವಾಸನೆ, ಎಳೆಬಿಸಿಲು. ಆಮೇಲೆ ಎದ್ದು, ಮೇಲಕ್ಕಲ್ಲ, ಕೆಳಗಿಳಿಯತೊಡಗಿದಳು.

"ಎಲ್ಲಿಗಿ?"

"ನಿಮ್ಮ ಮನಿಗಿ. ನಿಮ್ಮವ್ವ ನಿನ್ನ ಮಾತು ಕೇಳವಲ್ಲಳು ಅಂದ್ಯಲ್ಲ? ನನ್ನ ಮಾತು ಕೇಳ್ಲಿ."

ದಾರಿಯಲ್ಲಿ ನಿಲ್ಲುತ್ತ, ಊದುತ್ತ, ಬೆಂಚಿನ ಮೇಲೆ ಕಾಯುತ್ತಿದ್ದ, ಕುಂಟುವ ಭೀಮಮ್ಮನನ್ನೂ ಕರೆದುಕೊಂಡು ರೈಲ್ವೆ ಕ್ವಾರ್ಟರ್ಸಿಗೆ ಬಂದರು. ಬಸ್ಸಮ್ಮ ರೊಟ್ಟಿ ಬಡಿಯುತ್ತಿದ್ದಳು. ಶಿವಕಾಂತಮ್ಮ ಹೊಸ್ತಿಲಲ್ಲೇ ನಿಂತು ಹೇಳಿದಳು.

"ಅತ್ತಿ, ನಾ ಇನ್ನೂ ಪೂರಾ ಗುಣ ಆಗಿಲ್ಲ. ಇವತ್ತು ಅರ್ಧ ಮೆಟ್ಟಲದಾಗೇ ಕುಂತೆ. ಯಾವಾಗ ಗುಣ ಆಗ್ತೀನಿ ಅಂತ ಡಾಕ್ಟರಮ್ಮಗೂ ಗೊತ್ತಿಲ್ಲ. ಆದ್ರ ನಿನ್ನ ಮಗನ್ನ ನಾ ಬಿಟ್ಟುಕೊಡಂಗಿಲ್ಲ."

ಬಸ್ಸಮ್ಮನ ಕೈ ಹಿಟ್ಟಿನ ಮೇಲೆ ನಿಂತಿತು. ಒಲೆಯ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬಂದರೂ ಯಾರೂ ಅಲುಗಾಡಲಿಲ್ಲ.

"ಇವನಪ್ಪ ಕಲ್ಲಿನ ಖಣಿ ಕೆಲಸದಾಗ ದಮ್ಮು ಹತ್ತಿ ಹತ್ತಿ ಹೋದ," ಎಂದಳು ಬಸ್ಸಮ್ಮ, ಯಾರ ಮುಖವನ್ನೂ ನೋಡದೆ. "ಒಂದೊಂದು ಉಸುರಿಗೂ ಬಾಜೂಕ ಕುಂತು ಕಾದೀನಿ ನಾ. ನನ್ನಂಗ ಇವನೂ ಕಾಯಬ್ಯಾಡ, ಒಬ್ಬನೇ ಉಳಿಯೂಬ್ಯಾಡ ಅಂತ... ನಿನ್ನ ಮ್ಯಾಲ ನನಗೇನು ಹಗಿ ಅದ ತಂಗಿ?"

ಶಿವಕಾಂತಮ್ಮನಿಗೆ ಸಿಟ್ಟೆಲ್ಲ ಇಳಿದುಹೋಯಿತು. ಒಳಗೆ ಬಂದು ಅತ್ತೆಯ ಪಕ್ಕದಲ್ಲಿ ಕುಳಿತಳು. "ಮಾವನ ಬಾಜೂಕ ಕುಂತಿದ್ದು ಬ್ಯಾಡಾಗಿತ್ತು ಅನಸ್ತದೇನು ಅತ್ತಿ?"

ಬಸ್ಸಮ್ಮ ಹಿಟ್ಟಿನ ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡು, ಕರಿಯಾದ ರೊಟ್ಟಿಯನ್ನು ಮಗುಚಿ ಹಾಕಿ, ಬಾಗಿಲಲ್ಲಿ ಕಂಬದಂತೆ ನಿಂತ ಮಗನನ್ನು ಗದರಿದಳು.

"ಏನ ನೋಡ್ಕೋತ ನಿಂತಿದಿ? ನಾಳಿಂದ ನಿಮ್ಮ ಜೋಡಿ ನಾನೂ ನಡೀಲಿಕ್ಕ ಬರ್ತೀನಿ. ಲಗ್ನ ಆಗಾತನ ನಿಮ್ಮಿಬ್ಬರನೇ ಬಿಟ್ಟರ ಮಂದಿ ನನಗ ಬೈತಾರ."