ಕರಡಿಮರಿಯ ಹಣೆ

ಜ್ವರದ ವಿಷಯದಲ್ಲಿ ನನ್ನ ಕೈ ತಪ್ಪುವುದಿಲ್ಲ. ಹಣೆ ಮುಟ್ಟಿ ನಾನು ಹೇಳಿದ್ದನ್ನೇ ಥರ್ಮಾಮೀಟರು ಆಮೇಲೆ ಹೇಳುತ್ತದೆ. ಆ ದಿನ ಪ್ರಾಣಿಗಳ ಮ್ಯೂಸಿಯಂ ಬಾಗಿಲಲ್ಲಿ ಐದು ವರ್ಷದ ಮಗಳ ಹಣೆ ಸುಡುತ್ತಿತ್ತು.

"ವಾಪಸ್ ಹೋಗೋಣ ಪುಟ್ಟಿ."

"ಡೈನೋಸಾರ್ ತೋರಿಸ್ತೀನಿ ಅಂದಿದ್ದು ನೀನೇ ಅಲ್ವಾ?"

ಅವಳ ತಮ್ಮ ಆಗಲೇ ಒಳಗೆ ಓಡಿದ್ದ.

ದೊಡ್ಡ ಅಸ್ಥಿಪಂಜರಗಳ ಆ ಹಾಲ್ ತಣ್ಣಗೆ ಕೊರೆಯುತ್ತಿತ್ತು. ಮೂಲೆಯಲ್ಲಿ, ಮಕ್ಕಳು ಮುಟ್ಟಲೆಂದೇ ಇಟ್ಟ ಒಂದು ಕರಡಿಮರಿ. ಒಳಗೆ ಹುಲ್ಲು ತುಂಬಿದ್ದರು, ಕಣ್ಣು ಗಾಜಿನವು. ಎಷ್ಟೋ ಕೈಗಳು ಸವರಿ ಹಣೆಯ ಕೂದಲು ಸವೆದಿತ್ತು. ಮಗಳು ಅಲ್ಲಿಗೆ ತನ್ನ ಹಣೆ ಒತ್ತಿ ಸುಮ್ಮನೆ ನಿಂತಳು. ಬಿಡಿಸಿಕೊಂಡಾಗ ಅವಳ ಹಣೆ ತಣ್ಣಗಿತ್ತು. ನಾನು ಮರಿಯ ಹಣೆ ಮುಟ್ಟಿದೆ. ಅದು ಸುಡುತ್ತಿತ್ತು, ಬಾಗಿಲಲ್ಲಿ ಮಗಳ ಹಣೆ ಸುಟ್ಟಷ್ಟೇ.

"ಇದರ ಮೈ ಬಿಸಿ ಇದೆಯಲ್ಲ?" ಎಂದು ಕಾವಲಿನ ಹೆಂಗಸನ್ನು ಕೇಳಿದೆ.

"ಅಮ್ಮಂದಿರು ಹಾಗಂತಾರೆ ಅಕ್ಕಾ. ನನಗೆ ಮಕ್ಕಳಿಲ್ಲ ನೋಡಿ, ನನ್ನ ಕೈಗೆ ಬರೀ ಹುಲ್ಲು."

ಏಳು ವರ್ಷವಾಯಿತು. ಮಗಳಿಗೆ ಒಂದು ಸಲವೂ ಜ್ವರ ಬಂದಿಲ್ಲ. ಬಿಸಿಲಲ್ಲಿ ಆಡಿ ಬಂದರೂ ಅವಳ ಹಣೆ ಆ ಹಾಲ್‌ನಷ್ಟೇ ತಣ್ಣಗಿರುತ್ತದೆ. ಡಾಕ್ಟರು ಎಲ್ಲ ಸರಿಯಿದೆ ಅನ್ನುತ್ತಾರೆ.

ಮೊನ್ನೆ ಮಗನಿಗೆ ಜ್ವರ ಏರಿತು.

"ಕರಡಿಮರಿ ಹತ್ರ ಕರ್ಕೊಂಡು ಹೋಗೋಣಮ್ಮ," ಅಂದಳು ಮಗಳು. ಅದು ಅವಳಿಗೆ ನೆನಪಿದೆಯೆಂದು ನನಗೆ ಗೊತ್ತಿರಲಿಲ್ಲ.

"ಬೇಡ" ಎಂದು, ಒದ್ದೆ ಬಟ್ಟೆ ಹಿಡಿದು ಅವನ ಪಕ್ಕ ಕೂತೆ. ಅವನ ಹಣೆ ಸುಡುತ್ತಲೇ ಇತ್ತು. ಮುಟ್ಟಿದಾಗೆಲ್ಲ ನನಗೆ ಸಮಾಧಾನವಾಗುತ್ತಿತ್ತು.